ಮೊದಲು ಬೇರಿಂಗ್, ಆಮೇಲೆ ಮೋಟಾರು



ನಮ್ಮ ಹುಡುಗರಿಗೆ ಈಗ ಬ್ಯಾಟರಿಯಿಂದ ಓಡುವ ರಿಮೋಟ್ ಬಗ್ಗಿಯ ಹುಚ್ಚು ಹತ್ತಿದೆ. ಕ್ರಿಸ್ಮಸ್‌ಗೆ ಮಾಮಾ ಕೊಡಿಸಿದ್ದು, ಸೋಲಾಪುರದ ಗಡ್ಡಾ ಜಾತ್ರೆಯಲ್ಲಿ ಹಟ ಮಾಡಿ ತಂದದ್ದು, ಮೊಬೈಲ್‌ನಲ್ಲಿ ಆರ್ಡರ್ ಮಾಡಿ ತರಿಸಿದ್ದು, ಹೀಗೆ ಹಲವು ಬಗೆಯವು. ಆದರೆ ತಪಸ್ಸುಕಾಲ ಬರುವಷ್ಟರಲ್ಲಿ ಅವುಗಳಲ್ಲಿ ಎಷ್ಟೋ ಅಟ್ಟ ಸೇರಿರುತ್ತವೆ. ಓಡುತ್ತಿರುವ ಬಗ್ಗಿಯ ಮಾಲೀಕನೋ "ಇದಕ್ಕಿಂತ ಜೋರಾದ ಮೋಟಾರು ಬೇಕು" ಎಂದು ಅಪ್ಪನ ಬೆನ್ನು ಹತ್ತಿರುತ್ತಾನೆ.

ಈ ಆಟ ಬೇಡ ಎಂದು ನಾನು ಹೇಳುತ್ತಿಲ್ಲ, ಒಳ್ಳೆಯ ಆಟವೇ. ನನ್ನ ತಕರಾರು ಖರ್ಚಿನ ಕ್ರಮದ ಬಗ್ಗೆ. ನಾವು ಮೊದಲು ವೇಗ ಕೊಳ್ಳುತ್ತೇವೆ, ಆರೈಕೆ ಆಮೇಲೆ ಎನ್ನುತ್ತೇವೆ. ಅದು ಉಲ್ಟಾ ಆಗಬೇಕು.

ನಾವು ಯಾವ ಊರಿನವರು ಎಂಬುದನ್ನು ಮರೆಯಬಾರದು. ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಗೋದುತಾಯಿ ಪರುಳೇಕರ ಹೆಸರಿನ ವಸಾಹತಿನ 10,000 ಮನೆಗಳು ಎದ್ದವು. ಆಮೇಲೆ ರೇ ನಗರ ಬಂತು. ಅದರ 15,000 ಮನೆಗಳನ್ನು 2024ರ ಜನವರಿ 19ರಂದು ಹಸ್ತಾಂತರಿಸಲಾಯಿತು. ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ, ಒಂದೊಂದೇ ಬೀಡಿ ಎಣಿಸಿ ಕೂಡಿಸಿದ ದುಡ್ಡು ಈ ಸೀಮೆಯಲ್ಲಿ ಓಡಾಡುತ್ತದೆ. ಇಂಥ ಕಡೆ ಮಗ ಒಂದು ಮೋಟಾರು ಸುಟ್ಟು ಇನ್ನೊಂದು ಕೇಳಿದರೆ ಅದನ್ನು ಬರೀ ಆಟದ ಮಾತು ಎಂದು ಬಿಟ್ಟುಬಿಡಲಾಗದು.

ಮೊದಲು ಬಗ್ಗಿಯ ಜಾತಿ ತಿಳಿದುಕೊಳ್ಳಿ. ಜಾತ್ರೆಯ ಆಟಿಕೆ ಕಾರಿನೊಳಗೆ ಎಲ್ಲವೂ ಒಂದೇ ಬೋರ್ಡಿನ ಮೇಲೆ ಇರುತ್ತದೆ. ಚಕ್ರ ಪೂರ್ತಿ ಎಡಕ್ಕೆ ಇಲ್ಲವೇ ಪೂರ್ತಿ ಬಲಕ್ಕೆ ಹೊರಳುತ್ತದೆ, ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ. ಹವ್ಯಾಸಿಗಳ ಬಗ್ಗಿ ಬೇರೆ. ಅದರಲ್ಲಿ ಮೋಟಾರು, ಸರ್ವೋ, ವೇಗ ನಿಯಂತ್ರಕ ಒಂದೊಂದನ್ನೂ ಬಿಚ್ಚಿ ಬದಲಿಸಬಹುದು. ಜಪಾನಿನ ತಮಿಯಾ ಕಂಪನಿ 1984ರಲ್ಲಿ ತಂದ ಗ್ರಾಸ್‌ಹಾಪರ್ ಎಂಬ ಬಗ್ಗಿಯ ಪೆಟ್ಟಿಗೆಯಲ್ಲಿ ಬಿಡಿಭಾಗಗಳೇ ಇರುತ್ತಿದ್ದವು. ಮಕ್ಕಳು ಕೂತು ಜೋಡಿಸಿಯೇ ಓಡಿಸಬೇಕಿತ್ತು. ಕೈಯಾರೆ ಜೋಡಿಸಿದವನಿಗೆ ರಿಪೇರಿಯೂ ಅರ್ಧ ಬಂದ ಹಾಗೆಯೇ. ಆದ್ದರಿಂದ ಎರಡು ಮೂರು ಆಟಿಕೆ ಕಾರು ಕೊಳ್ಳುವ ಬದಲು ಬಿಡಿಭಾಗ ಸಿಗುವ ಒಂದೇ ಬಗ್ಗಿ ಕೊಳ್ಳುವುದು ಜಾಣತನ.

ಇನ್ನು ಆರೈಕೆ. ನಮ್ಮದು ಎರೆಮಣ್ಣಿನ ಸೀಮೆ. ಬೇಸಿಗೆಯಲ್ಲಿ ಹಿಟ್ಟಿನಂಥ ಧೂಳು, ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿ ಬಿಡದ ಕೆಸರು. ಓಡಿಸಿದ ಮೇಲೆ ಮೊದಲು ಬ್ಯಾಟರಿ ಬಿಚ್ಚಬೇಕು. ಕೆಸರು ಒಣಗಲು ಬಿಟ್ಟು, ಹಳೆಯ ಪೇಂಟ್ ಬ್ರಶ್‌ನಿಂದ ಹಲ್ಲುಚಕ್ರಗಳ ಸುತ್ತ ಝಾಡಿಸಬೇಕು. ನಲ್ಲಿಯ ಕೆಳಗೆ ಹಿಡಿಯಬಾರದು. ತೆರೆದ ಹಲ್ಲುಚಕ್ರಕ್ಕೆ ಎಣ್ಣೆ ಸುರಿಯುವುದೂ ತಪ್ಪು. ಎಣ್ಣೆಗೆ ಧೂಳು ಅಂಟಿ ಅದೇ ಉಜ್ಜುಕಾಗದದಂತೆ ಹಲ್ಲು ಸವೆಸುತ್ತದೆ. ಪವರ್‌ಲೂಮ್ ಇರುವ ಓಣಿಗಳಲ್ಲಿ ಇನ್ನೊಂದು ಕಾಟವಿದೆ. ಬಿದ್ದ ನೂಲೆಳೆ ಅಚ್ಚಿಗೆ ಸುತ್ತಿಕೊಂಡು ಬೇರಿಂಗಿನೊಳಗೆ ಸೇರುತ್ತದೆ. ವಾರಕ್ಕೊಮ್ಮೆ ಚಕ್ರ ಬಿಚ್ಚಿ ಚಿಮಟದಿಂದ ತೆಗೆಯಿರಿ. ಲೋಹದೊಳಗೆ ಕೂರುವ ಸ್ಕ್ರೂಗಳು ಅದುರಿ ಸಡಿಲಾಗುತ್ತವೆ. ಅವಕ್ಕೆ ಒಂದು ಹನಿ ಥ್ರೆಡ್‌ಲಾಕ್ ಸಾಕು, ಆದರೆ ಪ್ಲಾಸ್ಟಿಕ್‌ಗೆ ಅದನ್ನು ಹಚ್ಚಬೇಡಿ.

ಹಣ ಇದ್ದರೆ ಮೊದಲ ಸುಧಾರಣೆ ಬೇರಿಂಗ್. ಅಗ್ಗದ ಬಗ್ಗಿಗಳಲ್ಲಿ ಅಚ್ಚು ಪ್ಲಾಸ್ಟಿಕ್ ಅಥವಾ ಕಂಚಿನ ಬುಶ್‌ನಲ್ಲಿ ತಿರುಗುತ್ತದೆ. ಅಲ್ಲಿ ಬಾಲ್ ಬೇರಿಂಗ್ ಕೂರಿಸಿದರೆ ಘರ್ಷಣೆ ಇಳಿಯುತ್ತದೆ, ಮೋಟಾರು ತಣ್ಣಗಿರುತ್ತದೆ, ಅದೇ ಬ್ಯಾಟರಿ ಇನ್ನಷ್ಟು ಹೊತ್ತು ಬಾಳುತ್ತದೆ. ಚಕ್ಕಡಿ ಕಟ್ಟುತ್ತಿದ್ದ ನಮ್ಮ ಹಿರಿಯರು ಕೀಲೆಣ್ಣೆ ಹಾಕದೆ ಜಾತ್ರೆಗೆ ಹೊರಡುತ್ತಿರಲಿಲ್ಲ. ಇದೂ ಅದೇ ಬುದ್ಧಿ.

ಎರಡನೆಯದು ಹಲ್ಲುಚಕ್ರಗಳ ನಡುವಿನ ಸಂದು. ಮೋಟಾರಿನ ಚಿಕ್ಕ ಹಲ್ಲುಚಕ್ರ ಮತ್ತು ದೊಡ್ಡ ಹಲ್ಲುಚಕ್ರದ ನಡುವೆ ತೆಳು ಕಾಗದದ ಪಟ್ಟಿ ಇಟ್ಟು, ಒತ್ತಿ ಹಿಡಿದು ಮೋಟಾರಿನ ಸ್ಕ್ರೂ ಬಿಗಿದು, ಕಾಗದ ತೆಗೆದರೆ ಸರಿಯಾದ ಸಂದು ಉಳಿಯುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ. ಇದನ್ನು ಮಾಡದೆ ಎಷ್ಟೋ ಮಕ್ಕಳು ಹಲ್ಲು ಮುರಿದುಕೊಳ್ಳುತ್ತಾರೆ.

ಜೋರಾದ ಮೋಟಾರು ಕೊನೆಗೆ ಬರಲಿ. ಬ್ರಶ್‌ಲೆಸ್ ಮೋಟಾರಿನಲ್ಲಿ ಸವೆಯುವ ಕಾರ್ಬನ್ ಇಲ್ಲ, ಶಕ್ತಿಯೂ ಹೆಚ್ಚು, ನಿಜ. ಆದರೆ ಅದಕ್ಕೆ ಅದರದ್ದೇ ವೇಗ ನಿಯಂತ್ರಕ ಬೇಕು. ಆ ಶಕ್ತಿಗೆ ಪ್ಲಾಸ್ಟಿಕ್ ಹಲ್ಲುಚಕ್ರ ತಾಳುವುದಿಲ್ಲ, ಅದನ್ನು ಬದಲಿಸಿದರೆ ಡಿಫರೆನ್ಶಿಯಲ್ ತಾಳುವುದಿಲ್ಲ, ಅದನ್ನೂ ಬದಲಿಸಿದರೆ ಅಚ್ಚು ಬಾಗುತ್ತದೆ. ಒಂದು ಖರ್ಚು ಇನ್ನೊಂದನ್ನು ಎಳೆಯುತ್ತದೆ. ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟುವವನ ಮಾತು ತೆಗೆಯುತ್ತಾರೆ. ಅವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಅಡಿಪಾಯ ಹಾಕಿ ನಿಲ್ಲಿಸಿದವನನ್ನು ಕಂಡು ಜನ ನಗುತ್ತಾರೆ. ಸ್ವಾಮಿ ಅದನ್ನು ಹೇಳಿದ್ದು ಶಿಷ್ಯತ್ವದ ಬಗ್ಗೆ, ಆಟಿಕೆಯ ಬಗ್ಗೆ ಅಲ್ಲ. ಆದರೂ ಲೆಕ್ಕ ಹಾಕುವ ರೂಢಿಯನ್ನು ಸಣ್ಣ ವಿಷಯದಲ್ಲಿ ಕಲಿತವನೇ ದೊಡ್ಡ ವಿಷಯದಲ್ಲಿ ಅದನ್ನು ತರಬಲ್ಲ.

ತಾಯಂದಿರು ಈ ಭಾಗವನ್ನು ದಯವಿಟ್ಟು ಎರಡು ಸಲ ಓದಬೇಕು. ಜೋರು ಬಗ್ಗಿಗಳಲ್ಲಿ ಲಿಪೋ ಬ್ಯಾಟರಿ ಇರುತ್ತದೆ. ಅದರ ಒಂದು ಸೆಲ್ ತುಂಬಿದಾಗ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಗೆ ಇಳಿದರೆ ಅದು ಹಾಳಾಗುತ್ತದೆ, ಆದ್ದರಿಂದ 3.5ರ ಸುತ್ತ ಬಂದಾಗಲೇ ಆಟ ನಿಲ್ಲಿಸುವುದು ಒಳ್ಳೆಯದು. ದಿನಗಟ್ಟಲೆ ಇಡುವುದಾದರೆ 3.8ರ ಸುತ್ತ ಇರಲಿ. ಹೆಚ್ಚು ಚಾರ್ಜ್ ಆದರೆ, ಪೆಟ್ಟು ಬಿದ್ದರೆ ಬೆಂಕಿ ಹತ್ತಬಹುದು. ಒಂದೇ ಕೋಣೆಯಲ್ಲಿ ಅಡುಗೆ, ಓದು, ನಿದ್ದೆ ಎಲ್ಲ ನಡೆಯುವ ಮನೆಯಲ್ಲಿ ಅದನ್ನು ಹಾಸಿಗೆಯ ಮೇಲೆ ಇಟ್ಟು ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು ದೊಡ್ಡ ಅಪಾಯ. ಶಹಾಬಾದಿ ಫರಶಿಯ ಮೇಲೆ, ಬಟ್ಟೆ ಕಾಗದಗಳಿಂದ ದೂರ, ಎಚ್ಚರವಿದ್ದಾಗ ಮಾತ್ರ ಚಾರ್ಜ್ ಮಾಡಿ. 1500 ಎಂಎಎಚ್ ಬ್ಯಾಟರಿಗೆ 1.5 ಆಂಪಿಯರ್ ಸಾಕು. ಸೆಲ್‌ಗಳನ್ನು ಸಮತೋಲನದಲ್ಲಿ ತುಂಬುವ ಚಾರ್ಜರ್ ಇರಲಿ. ಏಪ್ರಿಲ್-ಮೇ ಬಿಸಿಲಲ್ಲಿ ಪತ್ರಾಸ್ ಕೋಣೆಯಲ್ಲಿ ಇಡಬೇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು, ತಿಪ್ಪೆಗೂ ಎಸೆಯಬಾರದು. ಹಳೆಯ ಬ್ಯಾಟರಿ ವಾಪಸ್ ಪಡೆದು ವಿಲೇವಾರಿ ಮಾಡುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಉತ್ಪಾದಕರ ಮೇಲೆ ಹೊರಿಸಿವೆ. ಹೊಸಬರಿಗೆ 7.2 ವೋಲ್ಟ್‌ನ ನಿಕಲ್ ಬ್ಯಾಟರಿಯೇ ವಾಸಿ. ವೇಗ ಕೊಂಚ ಕಡಿಮೆ, ನಿದ್ದೆ ನೆಮ್ಮದಿಯದು.

"ಯುವಕೂಟಕ್ಕೆ ಪ್ರಾರ್ಥನೆ, ಗಾಯನ, ಬೈಬಲ್ ಅಧ್ಯಯನ ಇದೆಯಲ್ಲ, ಈ ಸ್ಕ್ರೂಡ್ರೈವರ್ ಯಾಕೆ?" ಎಂದು ಕೆಲವರು ಕೇಳುತ್ತಾರೆ. ಅವರಿಗೆ ಸಂತ ಜಾನ್ ಬೊಸ್ಕೊ ಅವರನ್ನು ನೆನಪಿಸುತ್ತೇನೆ. ಇಟಲಿಯ ಟ್ಯೂರಿನ್‌ನಲ್ಲಿ ಅವರು ಬಡ ಹುಡುಗರಿಗಾಗಿ 1853ರಲ್ಲಿ ಚಪ್ಪಲಿ ಹೊಲಿಯುವ ಮತ್ತು ದರ್ಜಿ ಕೆಲಸದ ಕಾರ್ಯಾಗಾರಗಳನ್ನು ತೆರೆದರು. ಆಟ, ಪ್ರಾರ್ಥನೆ, ಕೈಕಸುಬು ಮೂರನ್ನೂ ಅವರು ಬೇರೆ ಮಾಡಲಿಲ್ಲ. ಪೋಪ್ ಫ್ರಾನ್ಸಿಸರು 2015ರ "ಲೌದಾತೊ ಸಿ" ವಿಶ್ವಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯ ವಿರುದ್ಧ ಎಚ್ಚರಿಸಿದ್ದಾರೆ. ಕೆಟ್ಟದ್ದನ್ನು ಬಿಸಾಡದೆ ಬಿಚ್ಚಿ ನೋಡುವ ಹುಡುಗ ಆ ಮಾತನ್ನು ಕೈಯಿಂದ ಪಾಲಿಸುತ್ತಾನೆ.

ಇನ್ನೊಂದು ಆಕ್ಷೇಪ ನನಗೂ ಒಪ್ಪಿಗೆ. ಇದು ದುಡ್ಡಿದ್ದವರ ಆಟವಾಗುತ್ತದೆ. ಒಬ್ಬನ ಬಗ್ಗಿ ಓಡುತ್ತದೆ, ಹತ್ತು ಮಕ್ಕಳು ದಡದಲ್ಲಿ ನಿಂತು ನೋಡುತ್ತಾರೆ, ಹುಡುಗಿಯರನ್ನಂತೂ ಹತ್ತಿರ ಕರೆಯುವುದೇ ಇಲ್ಲ. ಪೂಜೆಯಲ್ಲಿ ಒಂದೇ ರೊಟ್ಟಿ ಹಂಚಿಕೊಂಡು ಹೊರಬಂದವರು ಅಂಗಳದಲ್ಲಿ ಹೀಗೆ ಬೇರೆಬೇರೆ ಆಗುವುದು ಚೆಂದವಲ್ಲ. ಯಾರ ಮೋಟಾರು ಜೋರು ಎಂಬ ಪೈಪೋಟಿ ಬೆಳೆದಷ್ಟೂ ಈ ಅಂತರ ಬೆಳೆಯುತ್ತದೆ. ರಿಪೇರಿಯಲ್ಲಿ ಹಾಗಿಲ್ಲ. ಅಲ್ಲಿ ಬಗ್ಗಿ ಇಲ್ಲದ ಹುಡುಗಿಯೂ ಮಾಲೀಕನಿಗಿಂತ ಚೆನ್ನಾಗಿ ಕಲಿಯಬಹುದು.

ಆದ್ದರಿಂದ ನನ್ನ ಸಲಹೆ ಇದು. ತಿಂಗಳಿಗೆ ಎರಡು ಭಾನುವಾರ, ಪೂಜೆ ಮುಗಿದ ಮೇಲೆ, ಸಭಾಭವನದ ಮೂಲೆಯಲ್ಲಿ ಒಂದು ಮೇಜು ಹಾಕೋಣ. ಎಲ್ಲರಿಗೂ ಸೇರಿ ಒಂದು ಉಪಕರಣದ ಡಬ್ಬಿ, ಒಂದು ಒಳ್ಳೆಯ ಚಾರ್ಜರ್, ಪಕ್ಕದಲ್ಲಿ ಒಂದು ಬಕೆಟ್ ಮರಳು. ಐದು ಮಕ್ಕಳಿಗೆ ಒಂದು ಬಗ್ಗಿ, ಒಂದು ವಹಿ. ಯಾವತ್ತು ಓಡಿಸಿದೆವು, ಏನು ಸಡಿಲಾಗಿತ್ತು, ಏನು ಸರಿಮಾಡಿದೆವು ಎಂದು ಅದರಲ್ಲಿ ಬರೆಯಲಿ. ಮಗ್ಗದ ಕಾರ್ಖಾನೆಯಲ್ಲಿ ದುಡಿದ ಕಾಕಾಗಳು, ಮೋಟಾರ್ ಸೈಕಲ್ ಗ್ಯಾರೇಜಿನ ಅಣ್ಣಂದಿರು ಬಂದು ಕೈ ತೋರಿಸಲಿ. ಅವರ ಕೈಯಲ್ಲಿರುವ ವಿದ್ಯೆಗೆ ಯುವಕೂಟದಲ್ಲಿ ಇನ್ನೂ ಜಾಗ ಕೊಟ್ಟಿಲ್ಲ.

ಅಪ್ಪ-ಅವ್ವಂದಿರಿಗೆ ಒಂದು ಮಾತು. ಮಗ ಹೊಸ ಮೋಟಾರು ಕೇಳಿದರೆ ಬೈಯಬೇಡಿ, ಕೂಡಲೇ ಕೊಡಿಸಲೂ ಬೇಡಿ. "ನಾಲ್ಕು ವಾರದ ವಹಿ ತೋರಿಸು" ಎನ್ನಿ. ತೋರಿಸಿದರೆ ಆ ಮೋಟಾರು ಅವನ ಕೈಯಲ್ಲಿ ಬಾಳುತ್ತದೆ. ಮೇಜಿಗೆ ಹೆಸರು ಕೊಡುವವರು ಮುಂದಿನ ಭಾನುವಾರ ಪೂಜೆಯ ನಂತರ ಯುವಕೂಟದವರನ್ನು ಕಾಣಿರಿ.