ಅವರ ಜೇಬಿನ ಪಿಸ್ತೂಲು, ನಮ್ಮ ಕೈಯ ಅರ್ಜಿ

ಹಾಸ್ಟೆಲಿನ ಗೆಳೆಯರೇ,

ಪಿಸ್ತೂಲನ್ನು ನಾನು ಒಮ್ಮೆ ಮಾತ್ರ ಮುಟ್ಟಿದ್ದೇನೆ. ಆ ಕತೆ ನಿಮಗೆ ಹೇಳಲೇಬೇಕು. ಯಾಕೆಂದರೆ ರಾತ್ರಿ ದೀಪ ಆರಿಸಿದ ಮೇಲೆ ನಿಮ್ಮಲ್ಲೂ ಒಬ್ಬಿಬ್ಬರಿಗೆ ಅದರ ಯೋಚನೆ ಬರುತ್ತದೆಂದು ನನಗೆ ಗೊತ್ತು.

ರಾಣೇಬೆನ್ನೂರಿನಲ್ಲಿ ಬಿ.ಎ. ಓದುವಾಗ ನನ್ನ ರೂಮಿನ ಗೆಳೆಯ ಬ್ಯಾಡಗಿ ಕಡೆಯವನು. ಅವನ ಅವ್ವ ಮೆಣಸಿನಕಾಯಿ ತೊಟ್ಟು ಮುರಿಯಲು ಹೋಗುತ್ತಿದ್ದಳು, ಅಪ್ಪ ಚೀಲ ಹೊರುತ್ತಿದ್ದ. ಮೂರು ವಾರದ ಕೂಲಿ ಬಾಕಿ. ಅಪ್ಪ ಮಗ ಇಬ್ಬರೂ ಕೇಳಲು ಹೋದರು. ಸಾವ್ಕಾರ ಬೈಯಲಿಲ್ಲ, ಹೊಡೆಯಲಿಲ್ಲ. ಸೊಂಟದಿಂದ ಅಂಗೈಯಗಲದ ಪಿಸ್ತೂಲು ತೆಗೆದು ಲೆಕ್ಕದ ಪುಸ್ತಕದ ಮೇಲಿಟ್ಟ. "ಯಾಕ ಬಂದೀ?" ಅಂದ. "ಏನಿಲ್ರೀ ಸಾವ್ಕಾರ್ರ" ಅಂದು ಅಪ್ಪ ತಿರುಗಿ ಬಂದ. ಕೂಲಿ ಹೋದರೆ ಹೋಗಲಿ, ಮಗನ ಎದುರಿಗೆ ಅಂದ ಆ "ಏನಿಲ್ರೀ" ಗೆಳೆಯನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಅದು ಲೈಸೆನ್ಸಿನ ಪಿಸ್ತೂಲು, .32 ಬೋರಿನದು. ಜೇಬಿನಲ್ಲಿದ್ದರೆ ಹೊರಗೆ ಕಾಣುವುದಿಲ್ಲ. ಆದರೆ ಊರಿಗೆಲ್ಲ ಗೊತ್ತು. ಗೊತ್ತಿರಲಿ ಎಂದೇ ಇಟ್ಟುಕೊಳ್ಳುವುದು.

"ನಮಗೂ ಒಂದು ಬೇಕಲೇ" ಅಂದ ಗೆಳೆಯ. ಯಾರನ್ನೋ ಹುಡುಕಿದ. ಒಂದು ಸಂಜೆ ಲಾಡ್ಜಿನ ಕೋಣೆಯಲ್ಲಿ ಆ ಮನುಷ್ಯ ಟವೆಲ್ಲು ಬಿಚ್ಚಿ ನಾಡ ಪಿಸ್ತೂಲೊಂದನ್ನು ನನ್ನ ಕೈಗಿಟ್ಟ. ನೋಡಲು ಸಣ್ಣದು, ಹಿಡಿದರೆ ಭಾರ. ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಗೋಡೆಯಿಂದ ಗೋಡೆಗೆ ನಡೆದೆ. ಸುಳ್ಳು ಹೇಳುವುದಿಲ್ಲ, ಮೊದಲ ನಾಲ್ಕು ಹೆಜ್ಜೆ ಎದೆ ಸೆಟೆಯಿತು. ಐದನೇ ಹೆಜ್ಜೆಗೆ ಕೆಳಗೆ ಜೀಪಿನ ಸದ್ದಾಯಿತು. ಕೈ ಜೇಬಿನಿಂದ ಹೊರಗೆ ಬರಲೊಲ್ಲದು. ಹೆದರಿಸಲು ಹೊರಟವನಿಗೇ ಹೆದರಿಕೆ! ಅದನ್ನು ಅಲ್ಲೇ ಇಟ್ಟು ಇಬ್ಬರೂ ಇಳಿದು ಬಂದೆವು.

ಸಾವ್ಕಾರನಿಗೆ ಧೈರ್ಯ ಕೊಡುವ ಪಿಸ್ತೂಲು ನಮಗೇಕೆ ಕೊಡಲಿಲ್ಲ? ಅವನದರ ಹಿಂದೆ ಲೈಸೆನ್ಸಿದೆ, ದುಡ್ಡಿದೆ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರ ರಕ್ಷಣೆಗೆಂದು 'ನಿರ್ಭೀಕ್' ಎಂಬ .32 ರಿವಾಲ್ವರ್ ತಂದಿತು. ತೂಕ ಅರ್ಧ ಕೆ.ಜಿ., ಆಗಿನ ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. ತೊಟ್ಟು ಮುರಿಯುವ ಯಾವ ಅವ್ವ ಕೊಂಡಾಳು? ಇನ್ನು ಲೈಸೆನ್ಸಿಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯ ಮೇಲೆ, ಕಡಿಮೆಯೆಂದರೂ 2 ವರ್ಷ ಜೈಲು. ಒಂದು ಗುಂಡೂ ಹಾರಿಸದೆ! ಬಡವನ ಹತಾರ ಕಸಿಯಲು ಆಳುವವರು ಯಾವತ್ತೂ ತಡಮಾಡಿಲ್ಲ. 1857ರಲ್ಲಿ ಹತಾರ ಕೊಡೆವು ಅಂದ ಹಲಗಲಿಯ ಬೇಡರ ಊರಿಗೇ ಕಂಪನಿ ದಂಡು ಬೆಂಕಿಯಿಟ್ಟಿತು. ಹಿಡಿದವರನ್ನು ಗಲ್ಲಿಗೇರಿಸಿತು.

ಜೇಬಿನ ಪಿಸ್ತೂಲು ಪ್ರಾಣ ಕಾಯುತ್ತದೆ ಅನ್ನುವುದೂ ಪೂರಾ ನಿಜವಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದು, ತನಿಖೆಯ ಪ್ರಕಾರ, 7.65 ಮಿ.ಮೀ. ನಾಡ ಪಿಸ್ತೂಲು. ಅಂದರೆ ಅದೇ .32ರ ಅಳತೆ. ಇಬ್ಬರೂ ತಮ್ಮ ಮನೆ ಬಾಗಿಲಲ್ಲೇ ಬಿದ್ದರು. ಅವರ ಹತ್ತಿರವೂ ಒಂದಿದ್ದರೆ, ಜೇಬಿಗೆ ಕೈ ಹಾಕಲು ಹೊತ್ತೆಲ್ಲಿ ಸಿಗುತ್ತಿತ್ತು? ಸಣ್ಣ ಪಿಸ್ತೂಲು ಕೊಲ್ಲಲು ಬಂದವನಿಗೆ ಅನುಕೂಲ, ಮನೆಯಲ್ಲಿದ್ದವರಿಗಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕೇ? ಇಲ್ಲ. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 3ನೆಯದನ್ನು ಓದಿರಿ. ದೌರ್ಜನ್ಯ ನಡೆಯುವ ಭಯವಿರುವ ಕಡೆ, ಅಗತ್ಯ ಕಂಡರೆ, ಪರಿಶಿಷ್ಟರಲ್ಲದವರ, ಅವರ ಹತ್ತಿರದ ನೆಂಟರ, ಆಳುಗಳ ಲೈಸೆನ್ಸು ರದ್ದು ಮಾಡಿ ಆಯುಧಗಳನ್ನು ಸರ್ಕಾರದ ಶಸ್ತ್ರಾಗಾರಕ್ಕೆ ಒಪ್ಪಿಸಿಕೊಳ್ಳಬೇಕು ಎಂದಿದೆ. ಅಗತ್ಯ ಕಂಡರೆ ಪರಿಶಿಷ್ಟರಿಗೆ ಲೈಸೆನ್ಸು ಕೊಡಬೇಕೆಂದೂ ಇದೆ. ನಮ್ಮ ಹುಡುಗರು ಎರಡನೆಯದಕ್ಕೆ ಆಸೆಪಡುತ್ತಾರೆ. ನಾನು ಹೇಳುವುದು, ಮೊದಲನೆಯದನ್ನು ಹಿಡಿಯಿರಿ. ನಮ್ಮ ಜೇಬಿಗೆ ಪಿಸ್ತೂಲು ಬರುವುದಕ್ಕಿಂತ ಅವನ ಜೇಬಿನಿಂದ ಅದು ಹೋಗುವುದು ದೊಡ್ಡದು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ತರಿಸಿಕೊಳ್ಳುತ್ತಾರಲ್ಲ, ಓಟಿಗೆ ಇರುವ ಕಾವಲು ನಮ್ಮ ಕೇರಿಗೆ ಯಾಕಿಲ್ಲ?

ನಾವು ಅರ್ಜಿ ಬರೆದೆವು. ಹಾವೇರಿಗೆ ಮೊದಲ ಸಲ ಹೋದವರು ಮೂವರು. ಎರಡನೇ ಸಲ ಹದಿನೇಳು ಹುಡುಗರು, ಜೊತೆಗೆ ಗೆಳೆಯನ ಅವ್ವ. ಅರ್ಜಿಯ ಮೇಲೆ ಮುದ್ರೆ ಬಿತ್ತು. ಮರುವಾರ ಕೂಲಿ ಬಂತು. ಪಿಸ್ತೂಲು ಇನ್ನೂ ಸಾವ್ಕಾರನ ಸೊಂಟದಲ್ಲೇ ಇದೆ. ಲೆಕ್ಕದ ಪುಸ್ತಕದ ಮೇಲೆ ಮಾತ್ರ ಬರುತ್ತಿಲ್ಲ.

ಸೊಂಟದಿಂದಲೂ ಅದು ಇಳಿಯಬೇಕು. ಅದಕ್ಕೆ ಹದಿನೇಳು ಜನ ಸಾಲದು. ಮುಂದಿನ ಸಲ ನೀವೂ ಬನ್ನಿ. ಕೈಗಳು ಜೇಬಿನಿಂದ ಹೊರಗಿರಲಿ.