ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ

2024ರ ಅಭ್ಯಾಸ ಬೋಧನೆಯ ವೇಳೆ ನಂಜನಗೂಡು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸ್ಥಳೀಯ ಸರ್ಕಾರಗಳ ಪಾಠ ವೀಕ್ಷಿಸುತ್ತಿದ್ದೆ. ಪ್ರಶಿಕ್ಷಣಾರ್ಥಿಯ ಸಿದ್ಧತೆಗೆ ಕೊರತೆಯಿರಲಿಲ್ಲ. ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಚಾರ್ಟ್ ಚೆನ್ನಾಗಿತ್ತು. ‘ಐದು ವರ್ಷಕ್ಕೊಮ್ಮೆ ಚುನಾವಣೆ’ ಎಂದು ಕಪ್ಪುಹಲಗೆಯ ಮೇಲೆ ಬರೆದರು. ಯುವಕರು ತಪ್ಪದೆ ಮತ ಹಾಕಬೇಕು ಎಂದು ಪಾಠ ಮುಗಿಸಿದರು.

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಮಿಸ್, ನಮ್ಮಣ್ಣಂಗೆ ಇಪ್ಪತ್ಮೂರು ವರ್ಷ. ಜಿಲ್ಲಾ ಪಂಚಾಯ್ತಿಗೆ ಒಂದ್ಸಲಾನೂ ಓಟು ಹಾಕಿಲ್ಲ. ಎಲೆಕ್ಷನ್ನೇ ಬಂದಿಲ್ವಂತೆ.”

“ಅದು ಪಾಠದಲ್ಲಿಲ್ಲ, ಕೂತ್ಕೋ.”

ನಾನು ವೀಕ್ಷಣಾ ಹಾಳೆಯಲ್ಲಿ ‘ತರಗತಿ ನಿಯಂತ್ರಣ ಉತ್ತಮ’ ಎಂದು ಬರೆದು ಸುಮ್ಮನಾದೆ. ಮರುವಾರ ತಿ. ನರಸೀಪುರದ ಶಾಲೆಯಲ್ಲಿ ಅದೇ ಪಾಠ, ಹಲಗೆಯ ಮೇಲೆ ಅದೇ ವಾಕ್ಯ. ಅಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ನನ್ನ ತಪ್ಪು ಅರಿವಾದದ್ದು ಆಗ.

ಹುಡುಗ ಹೇಳಿದ್ದು ನಿಜ. ರಾಜ್ಯದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿಗಳ ಗೊಂದಲದಲ್ಲಿ 2024 ಮುಗಿದರೂ ಅದು ಆಗಲಿಲ್ಲ. ಹುಡುಗನ ಅಣ್ಣನಷ್ಟೇ ಅಲ್ಲ, ಅದೇ ವಯಸ್ಸಿನ ನಮ್ಮ ಪ್ರಶಿಕ್ಷಣಾರ್ಥಿಯೂ ಆ ಮತ ಹಾಕಿರಲಿಲ್ಲ.

ಇದು ನಡೆದದ್ದು ಎಂಥ ನೆಲದಲ್ಲಿ? ನಂಜನಗೂಡಿನ ಪಕ್ಕದ ಗುಂಡ್ಲುಪೇಟೆಯವರು ಅಬ್ದುಲ್ ನಜೀರ್ ಸಾಬ್. ಅವರು ಪಂಚಾಯತ್ ರಾಜ್ ಸಚಿವರಾಗಿದ್ದಾಗ, 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಕರ್ನಾಟಕ 18 ತುಂಬಿದವರಿಗೆ ಮತ ಕೊಟ್ಟಿತು. ಲೋಕಸಭೆ, ವಿಧಾನಸಭೆಗಳಿಗೆ ಆ ವಯಸ್ಸು ಬಂದದ್ದು 1989ರಲ್ಲಿ, 61ನೇ ತಿದ್ದುಪಡಿಯಿಂದ.

‘ಮತ ಹಾಕಿ’ ಎಂಬ ಘೋಷಣೆಯಷ್ಟೇ ಪಾಠವಾದರೆ ಮಕ್ಕಳು ನಂಬುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಯಮದ ಪಕ್ಕದಲ್ಲೇ ವಾಸ್ತವವನ್ನೂ ಬರೆಯಬೇಕು. ಪಾಠದ ಹಿಂದಿನ ದಿನ ಒಂದು ಮನೆಗೆಲಸ ಕೊಡಿ: ಮನೆಯವರು ಯಾವ ಸಂಸ್ಥೆಗೆ, ಯಾವ ವರ್ಷ ಕೊನೆಯದಾಗಿ ಮತ ಹಾಕಿದರು? ಹಳ್ಳಿಯ ಮಗು ಪಂಚಾಯಿತಿಗಳ ಹೆಸರು ತಂದರೆ, ಪಟ್ಟಣದ ಮಗು ನಂಜನಗೂಡು ನಗರಸಭೆ ಅಥವಾ ತಿ. ನರಸೀಪುರ ಪುರಸಭೆಯ ಹೆಸರು ತರುತ್ತದೆ. ಪಟ್ಟಿ ತಾನೇ ಮಾತಾಡುತ್ತದೆ. 17 ತುಂಬಿದ ಅಕ್ಕ, ಅಣ್ಣಂದಿರು ನಮೂನೆ 6ರಲ್ಲಿ ಮುಂಚಿತವಾಗಿಯೇ ಅರ್ಜಿ ಕೊಡಬಹುದೆಂದೂ ತಿಳಿಸಿ. ವಿಧಾನಸಭೆಯ ಮತದಾರರ ಪಟ್ಟಿಯ ಆಧಾರದಲ್ಲೇ ಪಂಚಾಯಿತಿಯ ಪಟ್ಟಿಯೂ ತಯಾರಾಗುತ್ತದೆ.

ಇದು ರಾಜಕೀಯವಾಗುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಪಕ್ಷದ ಹೆಸರೆತ್ತದೆ ದಿನಾಂಕ ಹೇಳುವುದು ರಾಜಕೀಯವಲ್ಲ, ಪೌರನೀತಿ. ಚುನಾವಣೆ ಬಂದಾಗ ಮತ ಹಾಕುವುದು ಎಷ್ಟು ಮುಖ್ಯವೋ, ಬಾರದಿದ್ದಾಗ ‘ಯಾಕೆ ಬಂದಿಲ್ಲ’ ಎಂದು ಕೇಳುವುದೂ ಅಷ್ಟೇ ಮುಖ್ಯ.

ಆ ಹುಡುಗ ಕೇಳಿದ್ದ. ನಾವು ಕೂರಿಸಿದೆವು. ಮುಂದಿನ ತಂಡದ ವೀಕ್ಷಣಾ ಹಾಳೆಯಲ್ಲಿ ‘ಮಕ್ಕಳ ಪ್ರಶ್ನೆಗೆ ಉತ್ತರ’ ಎಂಬ ಕಲಮಿಗೆ ಹೆಚ್ಚು ಅಂಕ ಇಡೋಣ.