ವಿದ್ವತ್ಸಭೆಯಲ್ಲಿ ಚಲಚ್ಚಿತ್ರ

ಸಂಶೋಧನೆಯ ಫಲವನ್ನು ವಿದ್ವಾಂಸರ ಮುಂದಿಡಲು ಅಚ್ಚಾದ ಪುಟಗಳಲ್ಲದೆ ಬೇರೆ ದಾರಿಯಿಲ್ಲವೆಂದು ನಮ್ಮಲ್ಲಿ ಬಹುಮಂದಿ ನಂಬಿದ್ದಾರೆ. ಚಿತ್ರವೇನಿದ್ದರೂ ಪ್ರಬಂಧಕ್ಕೆ ಅಲಂಕಾರ. ಅದು ಚಲಿಸತೊಡಗಿತೆಂದರೆ ಬರಿಯ ವಿನೋದ. ಈ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಕಳೆದ ವರ್ಷ ನಮ್ಮ ಸಹಪಾಠಿಯೊಬ್ಬರು ತಾಲ್ಲೂಕಿನ ಕೆರೆಗಳು ಬೇಸಿಗೆಯಲ್ಲಿ ಒಂದೊಂದಾಗಿ ಬತ್ತುವುದನ್ನು ವಾರವಾರದ ನಕ್ಷೆಗಳಲ್ಲಿ ಗುರುತಿಸಿ, ಆ ನಕ್ಷೆಗಳನ್ನು ಜೋಡಿಸಿ ನಾಲ್ಕು ನಿಮಿಷದ ಚಲಚ್ಚಿತ್ರ ಮಾಡಿ, ಹೊರಗಿನ ಒಂದು ವಿಚಾರ ಸಂಕಿರಣಕ್ಕೆ ಕಳುಹಿಸಿದರು. "ಲಿಖಿತ ಪ್ರಬಂಧಗಳನ್ನು ಮಾತ್ರ ಸ್ವೀಕರಿಸಲಾಗುವುದು" ಎಂಬ ಒಂದೇ ಸಾಲಿನ ಉತ್ತರ ಬಂದಿತು. ಚಿತ್ರ ಚೆನ್ನಾಗಿಲ್ಲವೆಂದು ಹೇಳಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಅದನ್ನು ಯಾರೂ ನೋಡಲೇ ಇಲ್ಲ.

ಇದೇ ಪ್ರಶ್ನೆಯನ್ನು ಕಂಪ್ಯೂಟರ್ ವಿಜ್ಞಾನಿಗಳು ಬಹಳ ಹಿಂದೆಯೇ ಎದುರಿಸಿದರು. 'ಸಿಂಪೋಸಿಯಂ ಆನ್ ಕಂಪ್ಯುಟೇಷನಲ್ ಜಾಮೆಟ್ರಿ' ಎಂಬುದು ರೇಖಾಗಣಿತದ ಸಮಸ್ಯೆಗಳನ್ನು ಕಂಪ್ಯೂಟರಿನಿಂದ ಬಿಡಿಸುವವರ ವಾರ್ಷಿಕ ಸಭೆ. 1985ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಅದು ಮೊದಲ ಬಾರಿಗೆ ನಡೆಯಿತು. 1992ರಲ್ಲಿ ಬರ್ಲಿನ್ನಿನಲ್ಲಿ ಕೂಡಿದಾಗ, ಪ್ರಬಂಧಗಳ ಜೊತೆಗೆ ವಿಡಿಯೋಗಳನ್ನೂ ಆಹ್ವಾನಿಸಿ, ಪರಿಶೀಲಿಸಿ, ಆಯ್ದವುಗಳನ್ನು ಪ್ರದರ್ಶಿಸುವ ಪದ್ಧತಿಯನ್ನು ಆರಂಭಿಸಿದರು. ಮುಂದೆ, ನೋಡುವವನೇ ಆಡಿಸಿ ನೋಡಬಹುದಾದ ಪ್ರೋಗ್ರಾಮುಗಳಿಗೂ ಅಲ್ಲಿ ಎಡೆ ದೊರೆಯಿತು.

ಆ ಪದ್ಧತಿಯಲ್ಲಿ ತೊಡಕೇನೂ ಇಲ್ಲ. ಚಿತ್ರ ಕೆಲವೇ ನಿಮಿಷಗಳದಾಗಿರಬೇಕು. ಅದರೊಡನೆ ಕೆಲವು ಪುಟಗಳ ಬರಹವೂ ಬರಬೇಕು. ಯಾವ ತತ್ತ್ವವನ್ನು ತೋರಿಸಿದೆ, ಹೇಗೆ ತಯಾರಿಸಿದೆ ಎಂಬುದು ಅದರಲ್ಲಿರಬೇಕು. ಒಂದು ಸಮಿತಿ ಎರಡನ್ನೂ ಪರೀಕ್ಷಿಸುತ್ತದೆ. 2015ರಿಂದ ಈ ಸಭೆಯ ಸಂಪುಟಗಳು ಜರ್ಮನಿಯ ಡಾಗ್‌ಸ್ಟೂಲ್ ಕೇಂದ್ರದ ಮೂಲಕ ಉಚಿತವಾಗಿ ಓದಲು ದೊರೆಯುತ್ತಿವೆ. ವಿದೇಶದ ಪತ್ರಿಕೆಗಳಿಗೆ ಚಂದಾ ಕಟ್ಟಲಾರದ ನಮ್ಮಂಥ ಸರ್ಕಾರಿ ಕಾಲೇಜಿನವರಿಗೆ ಇದೇನು ಸಣ್ಣ ಉಪಕಾರವಲ್ಲ.

ಭೂಗೋಳಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಆ ಸಭೆಯ ಗೊಡವೆ ಏತಕ್ಕೆ ಎಂದು ಕೆಲವರು ಕೇಳಬಹುದು. ಥೀಸನ್ ಬಹುಭುಜಗಳನ್ನು ಬರೆದು ಬೆರಳು ನೋಯಿಸಿಕೊಂಡವರು ಹಾಗೆ ಕೇಳಲಾರರು. ಒಂದು ಪ್ರದೇಶದ ಸರಾಸರಿ ಮಳೆಯನ್ನು ಲೆಕ್ಕಹಾಕಲು, ಯಾವ ನೆಲ ಯಾವ ಮಳೆಮಾಪನ ಕೇಂದ್ರಕ್ಕೆ ಹತ್ತಿರವೆಂದು ಹಂಚುವ ಈ ವಿಧಾನವನ್ನು ಥೀಸನ್ 1911ರಲ್ಲಿ ಸೂಚಿಸಿದನು. ಅದಕ್ಕೂ ಮೊದಲು, 1854ರಲ್ಲಿ ಲಂಡನ್ನಿನ ಸೋಹೋ ಭಾಗದಲ್ಲಿ ಕಾಲರಾ ಹಬ್ಬಿದಾಗ, ವೈದ್ಯ ಜಾನ್ ಸ್ನೋ ಯಾವ ಮನೆಗೆ ಯಾವ ನೀರಿನ ಪಂಪು ಹತ್ತಿರವೆಂದು ವಿಚಾರಿಸಿದ್ದೂ ಇದೇ ಜಾತಿಯ ಪ್ರಶ್ನೆಯೇ. ಗಣಿತಜ್ಞರು ಇದನ್ನು ವೊರೊನಾಯ್ ನಕ್ಷೆ ಎನ್ನುತ್ತಾರೆ.

ಕೇಂದ್ರಗಳು ಹತ್ತಿದ್ದರೆ ಅಳತೆಪಟ್ಟಿ ಸಾಕು. ಹತ್ತು ಸಾವಿರವಿದ್ದರೆ? 1986ರಲ್ಲಿ ಸ್ಟೀವನ್ ಫಾರ್ಚೂನ್ ಎಂಬವರು ಇದೇ ಸಭೆಯಲ್ಲಿ ಒಂದು ವಿಧಾನವನ್ನು ಮಂಡಿಸಿದರು. ಅದನ್ನು ಮಾತಿನಲ್ಲಿ ಹೇಳಲು ಯತ್ನಿಸುತ್ತೇನೆ. ಕಾಗದದ ಮೇಲೆ ಬಿಂದುಗಳಿವೆ. ಒಂದು ಸರಳರೇಖೆ ಮೇಲಿನಿಂದ ಕೆಳಕ್ಕೆ ಜಾರುತ್ತಾ ಬರುತ್ತದೆ. ಅದು ದಾಟಿದ ಒಂದೊಂದು ಬಿಂದುವಿನ ಸುತ್ತಲೂ ಒಂದು ಪರವಲಯ ಹುಟ್ಟಿ, ರೇಖೆ ಕೆಳಗಿಳಿದಂತೆಲ್ಲ ಅಗಲವಾಗುತ್ತದೆ. ಈ ಪರವಲಯಗಳ ಕಂಸಗಳೆಲ್ಲ ಸೇರಿ, ರೇಖೆಯ ಹಿಂದೆ ಕಡಲ ದಡದ ಅಲೆಯಂಥ ಒಂದು ಅಂಚು ಮುಂದುವರಿಯುತ್ತದೆ. ಪಕ್ಕಪಕ್ಕದ ಎರಡು ಕಂಸಗಳು ಕೂಡುವ ಜಾಗ ಸರಿಯುತ್ತಾ ಹೋದ ಜಾಡೇ ನಮಗೆ ಬೇಕಾದ ಗಡಿ. ನಡುವಿನ ಕಂಸವೊಂದು ಕಿರಿದಾಗಿ ಮಾಯವಾದ ಕ್ಷಣದಲ್ಲಿ ಮೂರು ಗಡಿಗಳು ಒಂದೆಡೆ ಸೇರುತ್ತವೆ.

ಓದುಗರಿಗೆ ಎಷ್ಟು ತಿಳಿಯಿತೋ ಕಾಣೆ. ನನಗಂತೂ ಪುಸ್ತಕದ ವಿವರಣೆಯನ್ನು ಮೂರು ಸಲ ಓದಿದರೂ ಆ ಅಲೆ ಕಣ್ಣಿಗೆ ಕಟ್ಟಲಿಲ್ಲ. ಚಲಿಸುವ ಚಿತ್ರದಲ್ಲಿ ಅರ್ಧ ನಿಮಿಷದೊಳಗೆ ಅದು ಮನಸ್ಸಿಗೆ ಹತ್ತಿತು. ಇಲ್ಲಿ ಚಿತ್ರ ಅಲಂಕಾರವೆನ್ನುವುದು ಹೇಗೆ? ವಿಷಯವೇ ಚಲನೆಯಾಗಿರುವಾಗ, ನಿಂತ ಚಿತ್ರವೂ ನಿಂತ ವಾಕ್ಯವೂ ಅದರ ಅರ್ಧವನ್ನು ಕಳೆದೇ ಹೇಳುತ್ತವೆ. ಟೊರಾಂಟೊ ವಿಶ್ವವಿದ್ಯಾನಿಲಯದ ರೊನಾಲ್ಡ್ ಬೆಕರ್ 1981ರಲ್ಲಿ ಮೂವತ್ತು ನಿಮಿಷದ ಚಲಚ್ಚಿತ್ರವೊಂದನ್ನು ತಯಾರಿಸಿ, ಅಂಕೆಗಳನ್ನು ಕ್ರಮವಾಗಿ ಜೋಡಿಸುವ ಒಂಬತ್ತು ವಿಧಾನಗಳನ್ನು ತೋರಿಸಿದ್ದೂ, ಕೊನೆಗೆ ಅವನ್ನೆಲ್ಲ ಒಟ್ಟಿಗೆ ಓಟಕ್ಕೆ ಬಿಟ್ಟಿದ್ದೂ ಇದೇ ಕಾರಣದಿಂದ.

ಚಲಚ್ಚಿತ್ರ ಕಣ್ಣಿಗೆ ಮಂಕುಬೂದಿ ಎರಚುತ್ತದೆಂಬ ಆಕ್ಷೇಪಣೆಯುಂಟು. ಅದರಲ್ಲಿ ತಥ್ಯವಿದೆ. ಬೋಯಿಂಗ್ ಕಂಪನಿಯಲ್ಲಿದ್ದ ಲೋರೆನ್ ಕಾರ್ಪೆಂಟರ್ 1980ರಲ್ಲಿ ಸಿಯಾಟಲ್ಲಿನ ಸಿಗ್ರಾಫ್ ಸಭೆಯಲ್ಲಿ, ಕಂಪ್ಯೂಟರಿನಿಂದ ಹುಟ್ಟಿದ ಬೆಟ್ಟಗಳ ಮೇಲೆ ಹಾರಿಹೋಗುವ ಎರಡು ನಿಮಿಷದ ಚಿತ್ರವೊಂದನ್ನು ತೋರಿಸಿ ಸಭೆಯನ್ನು ಬೆರಗುಗೊಳಿಸಿದರು. ಲ್ಯೂಕಾಸ್‌ಫಿಲ್ಮ್ ಸಂಸ್ಥೆಯಲ್ಲಿ ಕೆಲಸವೂ ಸಿಕ್ಕಿತು. ಆದರೆ ಚಪ್ಪಾಳೆಯಿಂದ ಬೆಟ್ಟ ಮಾಡುವುದು ಯಾರಿಗೂ ಬರಲಿಲ್ಲ. ಅದಕ್ಕೆ ಅವರು ಇನ್ನಿಬ್ಬರೊಡನೆ ಬರೆದು 1982ರಲ್ಲಿ ಪ್ರಕಟಿಸಿದ ಪ್ರಬಂಧ ಬೇಕಾಯಿತು. ಆದುದರಿಂದಲೇ ಚಿತ್ರದೊಡನೆ ಬರಹವೂ ಇರಲೇಬೇಕೆಂಬ ಆ ರೇಖಾಗಣಿತದ ಸಭೆಯ ನಿಬಂಧನೆ ನನಗೆ ಬಹಳ ಒಪ್ಪಿಗೆಯಾಗಿದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಬಲವಾದುದು. ಕಾಗದ ನೂರು ವರ್ಷ ಬಾಳುತ್ತದೆ. ವಿಡಿಯೋ ಟೇಪು ಬಾಳುವುದಿಲ್ಲ. ಒಂದು ಕಾಲದಲ್ಲಿ ಇಂತಹ ಸಭೆಗಳು ಸ್ವೀಕರಿಸುತ್ತಿದ್ದ ಜಾವಾ ಆಪ್ಲೆಟ್ಟುಗಳನ್ನು ಇಂದಿನ ಬ್ರೌಸರುಗಳು ನಡೆಸುವುದೇ ಇಲ್ಲ. ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಚಿತ್ರ ಅಳಿದರೂ ಬರಹ ಉಳಿಯುತ್ತದೆಂಬುದಷ್ಟೇ ಸಮಾಧಾನ. ಆದರೆ ನಾಳೆ ಅಳಿಯಬಹುದೆಂಬ ಭಯದಿಂದ ಇಂದು ನೋಡದೆಯೇ ತಿರಸ್ಕರಿಸುವುದು ನ್ಯಾಯವೆ?

ಈಗ ನಮ್ಮ ಮನೆಯ ಮಾತು. ಅಂತಿಮ ವರ್ಷದ ಯೋಜನಾ ವರದಿ ಇಷ್ಟು ಪುಟವಿರಬೇಕು, ಇಷ್ಟು ಅಂಚು ಬಿಟ್ಟಿರಬೇಕು, ರಟ್ಟು ಕಟ್ಟಿರಬೇಕು ಎಂಬ ನಿಯಮಗಳೆಲ್ಲ ಇವೆ. ಪುಟ ತುಂಬಿಸಲು ಒಂದೇ ಮಾತನ್ನು ನಾಲ್ಕು ಅಧ್ಯಾಯಗಳಲ್ಲಿ ತಿರುವಿಹಾಕಿದ ವರದಿಗಳು ನಮ್ಮ ವಿಭಾಗದ ಬೀರುವಿನಲ್ಲಿ ಎಷ್ಟಿವೆಯೆಂದು ಅಧ್ಯಾಪಕರು ನನಗಿಂತ ಚೆನ್ನಾಗಿ ಬಲ್ಲರು. ವಿಶ್ವವಿದ್ಯಾನಿಲಯದ ನಿಯಮವನ್ನು ನಾವು ತಿದ್ದಲಾರೆವು, ಸರಿ. ಆದರೆ ಕಾಲೇಜಿನ ಭೂಗೋಳ ಸಂಘದ ಸಂಕಿರಣ ನಮ್ಮ ಕೈಯಲ್ಲೇ ಇದೆಯಷ್ಟೆ. ಅದರಲ್ಲಿ ಐದು ನಿಮಿಷದ ಚಿತ್ರ, ನಾಲ್ಕು ಪುಟದ ಬರಹ, ಇಬ್ಬರು ಅಧ್ಯಾಪಕರ ಪರಿಶೀಲನೆ ಎಂದು ಒಂದು ವಿಭಾಗವನ್ನು ತೆರೆಯಬಹುದು. ಬರಹ ಕನ್ನಡದಲ್ಲಿರಲಿ, ಅಂಕಿ ಅಂಶಗಳನ್ನು ಎಲ್ಲಿಂದ ಪಡೆದರೆಂಬುದನ್ನು ಕಡ್ಡಾಯವಾಗಿ ಹೇಳಲಿ, ಅದಿಲ್ಲದ ಚಿತ್ರ ಎಷ್ಟೇ ಸೊಗಸಾಗಿದ್ದರೂ ಹಿಂದಿರುಗಿಸಲಿ.

ಖರ್ಚಿನ ಮಾತೆತ್ತುವವರಿಗೆ ಒಂದು ವಿಜ್ಞಾಪನೆ: ಚಿತ್ರ ತೆಗೆಯುವ ಉಪಕರಣ ಈಗ ವಿದ್ಯಾರ್ಥಿಗಳಲ್ಲಿ ಹೆಚ್ಚು ಮಂದಿಯ ಜೇಬಿನಲ್ಲೇ ಇದೆ, ಇಲ್ಲದವರು ಇರುವವರೊಡನೆ ಕೂಡಿ ಮಾಡಬಹುದು, ಒಂದು ಚಿತ್ರಕ್ಕೆ ಮೂವರ ಹೆಸರಿದ್ದರೆ ತಪ್ಪೇನು? ಪ್ರೊಜೆಕ್ಟರು ಕಾಲೇಜಿನಲ್ಲಿ ಆಗಲೇ ಇದೆ. ಅದನ್ನಿಟ್ಟಿರುವ ಕೋಣೆಯ ಬೀಗದ ಕೈ ಯಾರ ಬಳಿ ಇದೆಯೆಂಬುದನ್ನು ಮಾತ್ರ ಸಂಘದ ಕಾರ್ಯದರ್ಶಿಗಳು ಜುಲೈ ತಿಂಗಳೊಳಗೆ ಪತ್ತೆಹಚ್ಚಿದರೆ ಉತ್ತಮ.